ತಳದ ಕಾವು

ವರ್ಗಾವಣೆಯ ಬದುಕಿನಲ್ಲಿ ನಾವು ಊರಿಂದೂರಿಗೆ ಹೊತ್ತು ತಂದ ಸಾಮಾನುಗಳಲ್ಲಿ ಅತಿ ಹಳೆಯದು ನಮ್ಮ ವಿದ್ಯುತ್ ಓವನ್. ದೆಹಲಿ, ಚೆನ್ನೈ, ಈಗ ಪುಣೆ; ಮಕ್ಕಳ ಹುಟ್ಟುಹಬ್ಬದ ಕೇಕು ಅದರಲ್ಲಿಯೇ ಬೆಂದಿದೆ. ಈಚೆಗೆ ಕೇಕಿನ ನೆತ್ತಿ ಕರಿದಾಗಿ ತಳ ಹಸಿಯಾಗಿಯೇ ಉಳಿಯತೊಡಗಿತು. ಎಸೆದು ಹೊಸದನ್ನು ಕೊಳ್ಳಿರೆಂದರು ಅಂಗಡಿಯವರು. ಮಗಳು ಒಪ್ಪಲಿಲ್ಲ. ಶಾಲೆ, ಗೆಳತಿಯರು, ನೆರೆಯ ಭಾಷೆ ಎಲ್ಲವೂ ಬದಲಾದರೂ ಅವಳ ಪಾಲಿಗೆ ಬದಲಾಗದೆ ಉಳಿದದ್ದು ಅದೊಂದೇ.

ಪ್ಲಗ್ ಕಿತ್ತು, ಓವನ್ ಪೂರ್ತಿ ತಣಿದ ಮೇಲೆ ಬದಿಯ ತಗಡನ್ನು ಬಿಚ್ಚಿದೆವು. 230 ವೋಲ್ಟಿನಲ್ಲಿ 500 ವ್ಯಾಟ್ ಬಳಸುವ ಹೀಟರಿನ ರೋಧ ಸುಮಾರು 106 ಓಮ್ ಇರಬೇಕು. ಒಳಗಿನ ನೈಕ್ರೋಮ್ ತಂತಿ ತುಂಡಾಗಿದ್ದರೆ ಮೀಟರು ಏನನ್ನೂ ಎಣಿಸದು. ಕೆಳಗಿನ ಹೀಟರಿನ ತಂತಿಯನ್ನು ಬೇರ್ಪಡಿಸಿ ಅಳೆದಾಗ ಮಲ್ಟಿಮೀಟರು 104 ತೋರಿಸಿತು. ಹೀಟರು ಆರೋಗ್ಯವಾಗಿಯೇ ಇತ್ತು. ಕೆಟ್ಟಿದ್ದುದು ತಂತಿಯನ್ನು ಅದಕ್ಕೆ ಸೇರಿಸುವ ಪುಟ್ಟ ಕ್ಲಿಪ್ಪು. ಹಿಡಿತ ಸಡಿಲವಾದಲ್ಲಿ ರೋಧ ಹೆಚ್ಚಿ ಬಿಸಿಯೇರುತ್ತದೆ. ಆ ಬಿಸಿಗೆ ಲೋಹ ಕರಕಲಾಗಿ ಹಿಡಿತ ಇನ್ನಷ್ಟು ಸಡಿಲಗೊಳ್ಳುತ್ತದೆ.

ಸುಟ್ಟ ತುದಿಯನ್ನು ಕತ್ತರಿಸಿ ಹೊಸ ಕ್ಲಿಪ್ಪನ್ನು, ಕಾವು ತಾಳುವ ಸಿಲಿಕೋನ್ ಹೊದಿಕೆಯ ತಂತಿಯನ್ನು ಹಾಕಿದೆವು. ಸಾಧಾರಣ ಪಿವಿಸಿ ತಂತಿ ಅಲ್ಲಿ ಬಾಳದು. ಹೀಟರಿಗೂ ಹೊರಕವಚಕ್ಕೂ ಸಂಪರ್ಕವಿಲ್ಲವೆಂದು, ಅರ್ಥಿಂಗ್ ಸರಿಯಿದೆಯೆಂದು ಪರೀಕ್ಷಿಸಿದ ನಂತರವೇ ಸ್ವಿಚ್ ಒತ್ತಿದ್ದು.

ಬಿಟ್ಟುಹೋಗುವುದನ್ನು ವರ್ಗಾವಣೆಯ ಆದೇಶಗಳೇ ನಮಗೆ ಕಲಿಸಿವೆ. ಉಳಿಸಿಕೊಳ್ಳುವುದನ್ನು ನಾವೇ ಕಲಿಯಬೇಕು, ಒಂದೊಂದು ಸೇರುವೆಯನ್ನೂ ಮುಟ್ಟಿ ನೋಡುತ್ತ. ಮುಂದಿನ ಆದೇಶ ಬಂದಾಗಲೂ ಈ ಓವನ್ ನಮ್ಮೊಡನೆ ಲಾರಿಯೇರಲಿದೆ.