ಉಮ್ಮನೂ ನಮ್ಮ ಜೊತೆ ಸುತ್ತಿದರು

ಕೆಲವು ವರ್ಷಗಳ ಹಿಂದೆ ನಾವು ಮನೆಮಂದಿಯೆಲ್ಲ ನಮ್ಮೂರಿನ ಕಡೆಯ ಒಂದು ಮನೋರಂಜನಾ ಉದ್ಯಾನಕ್ಕೆ ಹೋಗಿದ್ದೆವು. ಮಂಡಿನೋವಿನ ಉಮ್ಮ, "ನೀವು ಹೋಗಿ ಬನ್ನಿ, ನಾನಿಲ್ಲೇ ಇರುತ್ತೇನೆ" ಎಂದು ಮರದಡಿಯ ಬೆಂಚಿನಲ್ಲಿ ಕುಳಿತರು. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ನಮ್ಮ ಚೀಲ, ಚಪ್ಪಲಿಗಳನ್ನು ಕಾದರು. ಮನೆಗೆ ಬಂದು ಫೋಟೋ ನೋಡಿದರೆ ಒಂದರಲ್ಲೂ ಉಮ್ಮ ಇರಲಿಲ್ಲ. ಅದು ತಪ್ಪೆಂದು ಅಂದು ನಮಗಾರಿಗೂ ಅನಿಸಲಿಲ್ಲ.

2023ರ ಬೇಸಿಗೆ ರಜೆಯಲ್ಲಿ ಅಮೆರಿಕದ ಫ್ಲೋರಿಡಾದಲ್ಲಿರುವ ತಮ್ಮನ ಮನೆಗೆ ಹೋದಾಗ ಆ ಬೆಂಚು ಮತ್ತೆ ನೆನಪಾಯಿತು. ಆತ ನಮ್ಮನ್ನು ಒರ್ಲಾಂಡೊ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಕರೆದೊಯ್ಯಲಿದ್ದ. 1971ರಲ್ಲಿ ಮ್ಯಾಜಿಕ್ ಕಿಂಗ್‌ಡಮ್ ಎಂಬ ಒಂದೇ ಉದ್ಯಾನದೊಂದಿಗೆ ಆರಂಭವಾದ ಅಲ್ಲಿ ಈಗ ನಾಲ್ಕು ದೊಡ್ಡ ಉದ್ಯಾನಗಳಿವೆ. ನಡಿಗೆಯೇ ಅಲ್ಲಿನ ಅರ್ಧ ಕೆಲಸ.

ದ್ವಾರದ ಬಳಿ ಗಾಲಿಕುರ್ಚಿಗಳೂ ಬ್ಯಾಟರಿ ಸ್ಕೂಟರ್‌ಗಳೂ ಬಾಡಿಗೆಗೆ ಸಿಗುತ್ತವೆ. ಮೊದಲು ಬಂದವರಿಗೆ ಮೊದಲು. ಸ್ಕೂಟರ್ ಓಡಿಸುವವರಿಗೆ 18 ವರ್ಷ ತುಂಬಿರಬೇಕು. ಉಮ್ಮ ಕುರ್ಚಿ ನೋಡಿ ಮುಖ ತಿರುಗಿಸಿದರು.

"ಉಮ್ರಾದಲ್ಲಿ ಸಫಾ ಮರ್ವಾ ನಡುವೆ ಇದರಲ್ಲೇ ಕುಳಿತಿದ್ದಿರಲ್ಲ?" ಎಂದೆ.

"ಅದು ಇಬಾದತ್, ಇದು ಆಟ" ಎಂದರು.

"ಹಾಗಾದರೆ ನಾನೂ ನಿಮ್ಮ ಜೊತೆ ಬೆಂಚಿನಲ್ಲಿ ಕೂರುತ್ತೇನೆ" ಎಂದ ಮೇಲಷ್ಟೇ ಒಪ್ಪಿದರು.

ಕುರ್ಚಿ ತಳ್ಳುವುದೂ ಒಂದು ವಿದ್ಯೆ ಎಂದು ಆ ದಿನ ತಿಳಿಯಿತು. ಮುಖ್ಯ ಬೀದಿಯಲ್ಲಿ ಕುದುರೆ ಟ್ರಾಮಿನ ಹಳಿಗಳಿವೆ. ಓರೆಯಾಗಿ ದಾಟಿದರೆ ಮುಂದಿನ ಸಣ್ಣ ಗಾಲಿ ಸಿಕ್ಕಿಕೊಳ್ಳುತ್ತದೆ, ನೇರವಾಗಿ ದಾಟಬೇಕು. ನಿಂತಲ್ಲೆಲ್ಲ ಬ್ರೇಕ್ ಹಾಕಬೇಕು. ಕುರ್ಚಿ ಇದ್ದರೆ ಸಾಲು ತಪ್ಪಿಸಿ ಮುಂದೆ ಬಿಡುತ್ತಾರೆಂದು ನಾನು ಭಾವಿಸಿದ್ದೆ. ಹಾಗಿಲ್ಲ. ಹೆಚ್ಚಿನ ಕಡೆ ಎಲ್ಲರೂ ನಿಲ್ಲುವ ಸಾಲಿನಲ್ಲೇ ಕುರ್ಚಿಯೂ ಸಾಗುವಂತೆ ದಾರಿಯನ್ನು ಅಗಲವಾಗಿ ಮಾಡಿದ್ದಾರೆ. 'ಇಟ್ಸ್ ಎ ಸ್ಮಾಲ್ ವರ್ಲ್ಡ್' ಎಂಬ ದೋಣಿಯಾಟದಲ್ಲಿ ಕುರ್ಚಿ ಸಮೇತ ಹತ್ತಬಹುದಾದ ದೋಣಿಯಿದೆ. ಇನ್ನು ಕೆಲವು ಆಟಗಳಿಗೆ ಕುರ್ಚಿಯಿಂದ ಎದ್ದು ಆಸನಕ್ಕೆ ಹೋಗಲೇಬೇಕು. ಸಿಬ್ಬಂದಿ ಎತ್ತಿ ಕೂರಿಸುವುದಿಲ್ಲ, ಮನೆಯವರೇ ನೆರವಾಗಬೇಕು.

ಆದರೆ ಒಂದು ವಿಷಯ ನನ್ನನ್ನು ಚುಚ್ಚಿತು. ಊಟದಂಗಡಿಯ ಹುಡುಗ, "ಇವರಿಗೇನು ಬೇಕು?" ಎಂದು ನನ್ನನ್ನು ಕೇಳಿದ. ನಾನೂ ಉಮ್ಮನನ್ನು ಕೇಳದೆ ಉತ್ತರಿಸಿಬಿಟ್ಟೆ. ಉಮ್ಮ ಏನೂ ಹೇಳಲಿಲ್ಲ.

ಮರುದಿನ ಹೋದದ್ದು ಎಪ್ಕಾಟ್‌ಗೆ. ಅಲ್ಲಿ ಕೆರೆಯ ಸುತ್ತ 11 ದೇಶಗಳ ಮಾದರಿ ಕಟ್ಟಡಗಳಿವೆ. ಒಂದು ಸುತ್ತು ಬಂದರೆ ಸುಮಾರು ಎರಡು ಕಿಲೋಮೀಟರ್. "ಇವತ್ತು ತಳ್ಳುವುದು ಬೇಡ, ಆ ಸ್ಕೂಟರ್ ಕೊಡಿ" ಎಂದರು ಉಮ್ಮ! ಸೈಕಲನ್ನೂ ತುಳಿಯದವರು. ತಮ್ಮ ವೇಗವನ್ನು ಅತ್ಯಂತ ಕಡಿಮೆಗೆ ಇಟ್ಟುಕೊಟ್ಟ. ಕಾಲು ಗಂಟೆಯಲ್ಲಿ ಕೈ ಕುದುರಿತು. ಮಕ್ಕಳು "ಅಜ್ಜಿ, ನಿಧಾನ" ಎನ್ನುತ್ತಾ ಹಿಂದೆ ಓಡಿದರು.

ಮೊರಾಕ್ಕೊ ವಿಭಾಗದ ಮುಂದೆ ಅವರು ತಾವಾಗಿಯೇ ನಿಲ್ಲಿಸಿದರು. 1984ರಲ್ಲಿ ತೆರೆದ ಇದರ ಕೆಲಸಕ್ಕೆ ದೊರೆ ಎರಡನೇ ಹಸನ್ ತಮ್ಮ ದೇಶದ ಕುಶಲಕರ್ಮಿಗಳನ್ನೇ ಕಳಿಸಿದ್ದರು. ಬಣ್ಣದ ಸಣ್ಣ ಸಣ್ಣ ಹೆಂಚಿನ ಚೂರುಗಳನ್ನು ಜೋಡಿಸಿದ ಗೋಡೆಯನ್ನು ಉಮ್ಮ ಬಹಳ ಹೊತ್ತು ನೋಡಿದರು. ನಾವು ಕಾದೆವು. ಅಂದು ಕಾಯುವ ಸರದಿ ನಮ್ಮದಾಗಿತ್ತು.

ರಾತ್ರಿ ಅವರು ಹೇಳಿದರು: "ನಿನ್ನೆ ನೀವು ತೋರಿಸಿದ್ದನ್ನು ನೋಡಿದೆ. ಇವತ್ತು ನನಗೆ ನೋಡಬೇಕೆನಿಸಿದ್ದನ್ನು ನೋಡಿದೆ."

ಅಮೆರಿಕದಲ್ಲಿ ಅಂಗವಿಕಲರಿಗೆ ಇಂತಹ ಸೌಕರ್ಯದ ಹಕ್ಕು ನೀಡುವ ಕಾನೂನು ಬಂದದ್ದು 1990ರಲ್ಲಿ. ನಮ್ಮ ದೇಶದಲ್ಲೂ 2016ರ ಕಾಯ್ದೆ ಸಾರ್ವಜನಿಕ ಸ್ಥಳಗಳು ಎಲ್ಲರಿಗೂ ತಲುಪುವಂತಿರಬೇಕೆನ್ನುತ್ತದೆ. ಕಾನೂನು ತನ್ನ ಕೆಲಸ ಮಾಡಲಿ. ನಮ್ಮ ಕೆಲಸ ಅದಕ್ಕೂ ಮೊದಲು ಮನೆಯಲ್ಲೇ ಆರಂಭವಾಗುತ್ತದೆ. ಪ್ರವಾಸಕ್ಕೆ ಹೊರಡುವ ಮುನ್ನ ಟಿಕೆಟ್ ದರದ ಜೊತೆಗೆ, ಅಲ್ಲಿ ಗಾಲಿಕುರ್ಚಿ ಇದೆಯೇ, ಇಳಿಜಾರು ದಾರಿ ಇದೆಯೇ ಎಂದೂ ವಿಚಾರಿಸಿ. ಎಲ್ಲಿಗೆ ಹೋಗೋಣವೆಂದು ಹಿರಿಯರನ್ನೂ ಕೇಳಿ.

ಈಗ ನಮ್ಮ ಮನೆಯ ಗೋಡೆಯಲ್ಲಿ ಆ ಪ್ರವಾಸದ ಒಂದು ಫೋಟೋ ಇದೆ. ಎಲ್ಲರಿಗಿಂತ ಮುಂದೆ ಸ್ಕೂಟರ್ ಮೇಲೆ ಉಮ್ಮ. ಚೀಲಗಳೆಲ್ಲ ನಮ್ಮ ಹೆಗಲ ಮೇಲೆ.