ಗಿಡದ ತವರು

ಆಸ್ಟ್ರೇಲಿಯದ ಗಿಡವೆಂದರೆ ನಮಗೆ ನೆನಪಾಗುವುದು ನೀಲಗಿರಿ, ಇಲ್ಲವೇ ಕೊಡಗಿನ ಕಾಫಿ ತೋಟದಲ್ಲಿ ಮೆಣಸಿನ ಬಳ್ಳಿ ಹೊತ್ತು ನಿಂತ ಸಿಲ್ವರ್ ಓಕ್. ಜೊತೆಗೆ ಉರಿಬಿಸಿಲು. ಆದರೆ ಅದೇ ದೇಶದ ಕ್ಯಾನ್‌ಬೆರಾದಲ್ಲಿ ಜುಲೈ ಚಳಿಗಾಲದ ಮುಂಜಾನೆ ಹುಲ್ಲಿನ ಮೇಲೆ ನಡೆದರೆ ಕಾಲಡಿ ಕರಕರ ಎನ್ನುತ್ತದೆ. ಇಬ್ಬನಿಯೆಲ್ಲ ಹೆಪ್ಪುಗಟ್ಟಿರುತ್ತದೆ.

ಅಲ್ಲಿ ತಗ್ಗಿನಲ್ಲಿ ಮನೆ ಕೊಂಡವರ ಫಜೀತಿ ಇನ್ನೂ ದೊಡ್ಡದು. ರಾತ್ರಿ ತಣಿದ ಗಾಳಿ ಭಾರವಾಗಿ ಇಳಿಜಾರು ಹಿಡಿದು ಹಿತ್ತಲಿಗೆ ಬಂದು ಕೂರುತ್ತದೆ. ಮಳೆನೀರಿನ ದಾರಿಯೂ ಅದೇ. ಅಡಿಯಲ್ಲಿ ಜೇಡಿಮಣ್ಣಿದ್ದರಂತೂ ನೀರು ಬೇಗ ಜಾಗ ಬಿಡುವುದಿಲ್ಲ.

ಇಂಥವರೂ ನರ್ಸರಿಗೆ ಹೋದರೆ ಮರುಳಾಗುವುದು ಕಡುಗೆಂಪು ಹೂವಿನ ಬ್ಯಾಂಕ್ಸಿಯ ಗಿಡಕ್ಕೆ. 'ಸ್ವದೇಶಿ' ಎಂಬ ಚೀಟಿ ಬೇರೆ ಇರುತ್ತದೆಯಲ್ಲ! ಅದರ ತವರು ಪಶ್ಚಿಮದ ಆಲ್ಬನಿ ಕಡೆಯ ಮರಳುನೆಲ, 2500 ಕಿಲೋಮೀಟರಿಗೂ ದೂರ. ಒದ್ದೆ ಜೇಡಿಯಲ್ಲಿ ಅದರ ಬೇರಿಗೆ ಉಸಿರು ಕಟ್ಟುತ್ತದೆ. ಫೈಟಾಫ್ತೊರ ಎಂಬ ರೋಗಾಣು ಮಣ್ಣಿನ ನೀರಲ್ಲಿ ಈಜಿ ಬಂದು ಉಳಿದದ್ದನ್ನು ಕೊಳೆಸುತ್ತದೆ. ಬೆಂಗಳೂರಿನ ಉದ್ಯಾನಗಳಲ್ಲಿ ಜೋತಾಡುವ ಬಾಟಲ್‌ಬ್ರಷ್ ಹೊಳೆದಂಡೆಯದು, ನೀರಿಗೆ ಹೆದರದು. ಆದರೆ ಎಳೆಯದರಲ್ಲಿ ಕಡುಚಳಿ ಅದನ್ನು ಸುಟ್ಟುಬಿಡುತ್ತದೆ.

ಸಂಬಂಧ ನೋಡುವಾಗ ಮನೆತನ ವಿಚಾರಿಸುವ ಹಾಗೆ, ಹೂವಿನ ಬಣ್ಣಕ್ಕೆ ಮೊದಲು ಊರು ಕೇಳಬೇಕು. ಚಳಿಯೂ ನೀರೂ ಒಟ್ಟಿಗೆ ತಂಗುವ ಊರು. ಸ್ನೋಯಿ ಪರ್ವತಗಳ ಜೌಗಿನಂಚಿನಲ್ಲಿ ಆಲ್ಪೈನ್ ಬಾಟಲ್‌ಬ್ರಷ್ ಇದೆ. ಹೂ ಕೆನೆಹಳದಿ, ನೋಡಲು ಸ್ವಲ್ಪ ಸಪ್ಪೆ, ನಿಜ. ಟಾಸ್ಮೇನಿಯಾ, ವಿಕ್ಟೋರಿಯಾಗಳ ತೊರೆದಂಡೆಯ ಉಣ್ಣೆ ಟೀ ಟ್ರೀ ನನ್ನ ಮೆಚ್ಚಿನದು. ಎಲೆಯ ಮೇಲೆ ಬೂದುಬಣ್ಣದ ನವಿರು ರೋಮ, ಕೊಂಬೆ ತುಂಬ ಬಿಳಿ ಹೂ, ಬುಡದಲ್ಲಿ ನೀರು ನಿಂತರೂ ಗೊಣಗದ ಸ್ವಭಾವ. ಸಣ್ಣಕಾಯಿಯ ಹೇಕಿಯವೂ ಆದೀತು, ಮುಳ್ಳಿನಂಥ ಎಲೆ ಚುಚ್ಚುವುದನ್ನು ಸಹಿಸಿಕೊಂಡರೆ. ಅದರ ಪೊದೆಗೆ ಬೆಕ್ಕು ನುಗ್ಗದು, ಹಾಗಾಗಿ ಪುಟ್ಟ ಹಕ್ಕಿಗಳಿಗೆ ಅದು ಪ್ರಿಯ.

ನೆಡುವುದು ವಸಂತದಲ್ಲೇ ಒಳ್ಳೆಯದು, ಚಳಿಗೆ ಮೊದಲು ಬೇರಿಗೆ ಒಂದು ಬೇಸಗೆ ಸಿಗುತ್ತದೆ. ಶರತ್ಕಾಲದಲ್ಲಿ ಗೊಬ್ಬರ ಸುರಿಯುವ ಉದಾರಿಗಳಿದ್ದಾರೆ. ಅದರಿಂದ ಬರುವ ಎಳೆ ಚಿಗುರು ಮೊದಲ ಕಡುಚಳಿಗೇ ಕಪ್ಪಾಗುತ್ತದೆ. ಕಪ್ಪಾಯಿತೆಂದು ಕೂಡಲೇ ಕತ್ತರಿ ಹಿಡಿದು ಓಡುವವರ ಕೈಯಿಂದ ಅದನ್ನು ಕಿತ್ತುಕೊಳ್ಳಬೇಕೆನಿಸುತ್ತದೆ ನನಗೆ. ಕರಕಲು ಎಲೆಗಳೇ ಕೆಳಗಿನ ಮೊಗ್ಗುಗಳನ್ನು ಮುಂದಿನ ಚಳಿಯಿಂದ ಕಾಯುತ್ತಿರುತ್ತವೆ. ಅಕ್ಟೋಬರ್ ಕಳೆಯಲಿ, ಆಮೇಲೆ ಎಷ್ಟು ಬೇಕೋ ಸವರಿ.