ಮಖುಲು

ನಂಟಸ್ತನದ ಮಾತುಗಳನ್ನು ಖರ್ಚು ಮಾಡುವುದರಲ್ಲಿ ನನ್ನ ಕೈ ಬಲು ಧಾರಾಳ. ಹೂವಿನವಳಿಗೆ ಅಕ್ಕ, ಆಟೊದವನಿಗೆ ಅಣ್ಣ, ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟರೆ ಅಜ್ಜಿ. ಬಿಡಲು ಮನಸ್ಸಿಲ್ಲದಿದ್ದರೆ ಕಿಟಕಿಯತ್ತ ಮುಖ. ಚಿಲ್ಲರೆಗೆ ಜಗಳವಾಯಿತೋ, ಅಣ್ಣ ಹೋಗಿ ‘ಏನ್ರೀ’ ಆಗುತ್ತಾನೆ. ಸಂಜೆಯೊಳಗೆ ಹತ್ತು ಹನ್ನೆರಡು ನಂಟು ಕಟ್ಟಿ, ಅಷ್ಟನ್ನೂ ಕಳಚಿ ಮನೆ ಸೇರುತ್ತೇನೆ.

ಅದಕ್ಕೇ ಇರಬೇಕು, ‘ಮಖುಲು’ ಎಂಬ ಪದ ನನ್ನನ್ನು ಬಹಳ ದಿನ ಕಾಡಿತು. ದಕ್ಷಿಣ ಆಫ್ರಿಕಾದ ಕೋಸಾ ಭಾಷೆಯಲ್ಲಿ ಹಾಗೆಂದರೆ ಅಜ್ಜಿ. ಕೇಪ್‌ಟೌನಿನ ಇಬ್ಬರು ಕಪ್ಪು ಯುವಕರು ಲಿಂಡಾ ಬೀಲ್ ಎಂಬ ಅಮೆರಿಕದ ಬಿಳಿ ಹೆಂಗಸನ್ನು ಹಾಗೆ ಕರೆಯುತ್ತಿದ್ದರು. ಆಕೆಯ ಮಗಳನ್ನು ಕೊಂದದ್ದಕ್ಕೆ ಜೈಲಿಗೆ ಹೋಗಿ ಬಂದವರು ಅವರು.

ಮಗಳು ಏಮಿ. ವಯಸ್ಸು 26. ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ಹೋದವಳು ಅಲ್ಲಿನವರ ವರ್ಣಭೇದ ವಿರೋಧಿ ಚಳವಳಿಯಲ್ಲೇ ಬೆರೆತುಹೋಗಿದ್ದಳು. 1993ರ ಆಗಸ್ಟ್ 25. ಊರಿಗೆ ಮರಳಲು ಇನ್ನೆರಡೇ ದಿನ. ಸ್ನೇಹಿತರನ್ನು ಮನೆಗೆ ಬಿಡಲು ಗುಗುಲೇತುವಿಗೆ ಕಾರು ಓಡಿಸಿಕೊಂಡು ಹೋದಳು. ಗುಗುಲೇತು ಅಂದರೆ ‘ನಮ್ಮ ಹೆಮ್ಮೆ’. ಹೆಸರೇನೋ ಚೆಂದ. ಬೀದಿಗಳಿಗೆ ಮಾತ್ರ ಆಗ ಎನ್‌ವೈ 1 ಎಂಬಂಥ ಗುರುತುಗಳು: ‘ನೇಟಿವ್ ಯಾರ್ಡ್’ ಎಂಬುದರ ಮೊದಲಕ್ಷರಗಳು, ದೊಡ್ಡಿಗೆ ನಂಬರು ಬರೆದ ಹಾಗೆ. ಆ ಎನ್‌ವೈ 1ರಲ್ಲಿ ಹುಡುಗರ ಗುಂಪಿಗೆ ಕಂಡದ್ದು ಸ್ಟೀರಿಂಗ್ ಹಿಡಿದ ಬಿಳಿ ಮುಖವೊಂದೇ. ಕಲ್ಲು ಬಿದ್ದವು. ಇಳಿದು ಪೆಟ್ರೋಲ್ ಬಂಕಿನ ಕಡೆಗೆ ಓಡಿದಳು. ಇವಳು ನಮ್ಮ ಸಂಗಾತಿ ಎಂದು ಜೊತೆಯವರು ಕೂಗಿಕೊಂಡರೂ ಚೂರಿ ನಿಲ್ಲಲಿಲ್ಲ.

ನಾಲ್ವರಿಗೆ 18 ವರ್ಷ ಶಿಕ್ಷೆಯಾಯಿತು. ವರ್ಣಭೇದದ ಕಾಲದ ಹಿಂಸೆಯನ್ನು ವಿಚಾರಿಸುತ್ತಿದ್ದ ಸತ್ಯ ಮತ್ತು ಸಮನ್ವಯ ಆಯೋಗದ ಮುಂದೆ ಅವರು ಕ್ಷಮಾದಾನ ಕೇಳಿದಾಗ ಲಿಂಡಾ ಮತ್ತು ಆಕೆಯ ಗಂಡ ಪೀಟರ್ ಕ್ಯಾಲಿಫೋರ್ನಿಯಾದಿಂದ ಬಂದು ಎದುರಿಗೇ ಕುಳಿತಿದ್ದರು. ವಿರೋಧಿಸಲಿಲ್ಲ. 1998ರಲ್ಲಿ ನಾಲ್ವರೂ ಬಿಡುಗಡೆಯಾದರು. ಅವರಲ್ಲಿ ಪೆನಿ, ನೊಫೆಮೆಲಾ ಎಂಬಿಬ್ಬರು ಮುಂದೆ ಏಮಿಯ ಹೆಸರಿನ ಪ್ರತಿಷ್ಠಾನದಲ್ಲೇ ಕೆಲಸಕ್ಕೆ ಸೇರಿದರು. ಆ ಪ್ರತಿಷ್ಠಾನ ಒಂದು ಕಾಲಕ್ಕೆ ಬ್ರೆಡ್ ಮಾಡಿಸಿ ಮಾರುತ್ತಿತ್ತು. ಪೊಟ್ಟಣದ ಮೇಲೂ ಸತ್ತವಳ ಹೆಸರೇ.

2002ರಲ್ಲಿ ಪೀಟರ್ ತೀರಿಕೊಂಡರು. ಲಿಂಡಾ ಬಂದು ಹೋಗುವುದನ್ನು ಬಿಡಲಿಲ್ಲ.

ಕೋಸಾದವರಲ್ಲೂ ನಮ್ಮಂತೆಯೇ ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯುವ ರೂಢಿ ಇಲ್ಲ. ಹಾಗಾಗಿ ‘ಮಖುಲು’ ಬರಿಯ ಮರ್ಯಾದೆಯ ಮಾತೂ ಇರಬಹುದು ಎಂದು ನನ್ನೊಳಗಿನ ಸಂಶಯಪಿಶಾಚಿ ಹೇಳುತ್ತದೆ. ಇರಲಿ. ಮೊದಲ ಸಲ ಹಾಗೆ ಕರೆಯುವಾಗ ಆ ಹುಡುಗರ ಗಂಟಲು ಏನು ಮಾಡಿತೋ? ಏಮಿಗೆ ಮಕ್ಕಳಿರಲಿಲ್ಲ. ಅವಳ ಕಡೆಯಿಂದ ಲಿಂಡಾಗೆ ಅಜ್ಜಿ ಎನ್ನುವವರು ಹುಟ್ಟಲೇ ಇಲ್ಲ. ಎಂದವರು ಇವರು.

ಕಿರಿಕಿರಿಯೊಂದು ಉಳಿಯುತ್ತದೆ. ಅದೇ ದಿನಗಳಲ್ಲಿ ಅಂಥವೇ ಬೀದಿಗಳಲ್ಲಿ ಸತ್ತ ಕಪ್ಪು ಮಕ್ಕಳಿಗೆ ಲೆಕ್ಕವಿಲ್ಲ. ಅವರ ತಾಯಂದಿರ ಹೆಸರು ನನಗೂ ಗೊತ್ತಿಲ್ಲ. ಗುಗುಲೇತುವಿನಲ್ಲೇ ಬದುಕಿದ್ದ ಸಿಂಡಿವೆ ಮಗೋನಾ 1998ರಲ್ಲಿ ‘ಮದರ್ ಟು ಮದರ್’ ಎಂಬ ಕಾದಂಬರಿ ಬರೆದರು. ಅದರಲ್ಲಿ ಮಾತಾಡುವವಳು ಕೊಂದವನ ತಾಯಿ, ಸತ್ತವಳ ತಾಯಿಯೊಡನೆ. ಮಗ ಬದುಕಿದ್ದೂ ಅವಳಿಗೆ ಸೂತಕ.

ಇಷ್ಟೆಲ್ಲ ಓದಿಕೊಂಡ ನಮ್ಮ ಮನೆಯಲ್ಲಿ, ಗೇಣಗಲದ ಬೇಲಿ ಜಗಳಕ್ಕೆ ಸ್ವಂತ ದೊಡ್ಡಪ್ಪ ಹನ್ನೊಂದು ವರ್ಷದಿಂದ ‘ಆ ಮನೆಯವರು’. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಎದುರಾದರು. ಕೈಯಲ್ಲಿ ಔಷಧಿ ಚೀಲ, ತುಂಬ ಇಳಿದುಹೋಗಿದ್ದರು. ದೊಡ್ಡಪ್ಪಾ ಎನ್ನಲೆಂದೇ ಬಾಯಿ ತೆರೆದೆ.

“ಬಸ್ಸು ಹೋಯ್ತಾ?” ಅಂದೆ.

“ಇನ್ನೂ ಇಲ್ಲ” ಅಂದರು.